ಕೆಂಪು ದಾರದ ತಂತಿ

ಹೊಸ ತಂತಿ ಬೇಕು ಅನ್ನುವ ಮಾತು ಎದ್ದದ್ದು ಒಂದು ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ. ಸೊಸೆ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿದು ನಾಲ್ಕು ತಟ್ಟೆಗಳಿಗೆ ಹಾಕುತ್ತಿದ್ದಳು. ಮಾವ ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮೊಮ್ಮಗಳ ಪಿಟೀಲನ್ನು ತಂದು ಮೇಜಿನ ಮೇಲಿಟ್ಟರು.

"ನೋಡು ಇಲ್ಲಿ, ತಂತಿ ಹೇಗೆ ಸವೆದಿದೆ ಅಂತ. ಇದನ್ನ ಇಟ್ಕೊಂಡು ಪರೀಕ್ಷೆಗೆ ಹೋದರೆ ಮೊದಲನೇ ಪುಟ ಮುಗಿಯೋದರೊಳಗೆ ಶ್ರುತಿ ಇಳಿದಿರುತ್ತೆ."

"ಊಟದ ಮೇಜಿನ ಮೇಲೆ ಪಿಟೀಲು ಇಟ್ಟಿದ್ದಕ್ಕೆ ಚಿಕ್ಕಂದಿನಲ್ಲಿ ನನಗೆ ಹೊಡೆದಿದ್ದೆ ನೀನು," ಅಂದ ಮಗ.

"ಇಟ್ಟಿದ್ದಕ್ಕಲ್ಲ. ಅದರ ಮೇಲೆ ಮೊಟ್ಟೆ ಒಡೆದಿದ್ದಕ್ಕೆ."

ಮಾವನನ್ನು ಇಡೀ ಬೀದಿ ಮೇಷ್ಟ್ರು ಅಂತಲೇ ಕರೆಯುತ್ತಿತ್ತು. ಮೂವತ್ತನಾಲ್ಕು ವರ್ಷ ನಾಟಕ ಮಂದಿರದ ವಾದ್ಯವೃಂದದಲ್ಲಿ, ರಂಗದ ಕೆಳಗಿನ ತಗ್ಗಿನಲ್ಲಿ ಕೂತು ಪಿಟೀಲು ನುಡಿಸಿದವರು ಅವರು. ಮಂದಿರದವರು ವಾದಕರನ್ನು ಮನೆಗೆ ಕಳಿಸಿ ಧ್ವನಿಮುದ್ರಿಸಿದ ಸಂಗೀತ ಹಾಕಲು ಶುರುಮಾಡಿದ ಮೇಲೆ, ಮನೆಯ ಮುಂದಿನ ಕೋಣೆಯಲ್ಲಿ ಏಳು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ವಯಸ್ಸು ಎಪ್ಪತ್ತೊಂದು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಹಿಡಿಯುವ ಕಿವಿ, ಡಾಕ್ಟರ ಮಾತಿಗೆ ಮಾತ್ರ ಕಿವುಡು. ಮಗನಿಗೆ ಸಂಗೀತ ಹತ್ತಲಿಲ್ಲ. ಅವನು ಲಿಫ್ಟ್ ರಿಪೇರಿಯ ಕೆಲಸ ಹಿಡಿದ. ಹದಿನಾಲ್ಕು ವರ್ಷದ ಮೊಮ್ಮಗಳಿಗೆ ಹತ್ತಿತು. ಎದೆಗೂಡು ಸಣ್ಣದು, ಹೆಜ್ಜೆ ಹಗುರ ಅಂತ ಎಲ್ಲರೂ ಅವಳನ್ನು ಗುಬ್ಬಿ ಅನ್ನುತ್ತಿದ್ದರು. ಇನ್ನು ಆರು ವಾರಕ್ಕೆ ನಗರದ ಕಿರಿಯರ ವಾದ್ಯವೃಂದಕ್ಕೆ ಅವಳ ಆಯ್ಕೆ ಪರೀಕ್ಷೆಯಿತ್ತು.

"ಎಷ್ಟಾಗುತ್ತೆ ತಂತಿಗೆ?" ಅಂತ ಮಗ ಕೇಳಿದ. ಮೇಷ್ಟ್ರು ಹೇಳಿದರು. ಮಗ ಚಮಚ ಕೆಳಗಿಟ್ಟ.

"ನಾಲ್ಕು ಎಳೆಗೆ? ಅಪ್ಪ, ನಮ್ಮ ಲಿಫ್ಟಿನ ಕೇಬಲ್ಲು ಗಜಕ್ಕೆ ಅಷ್ಟಿಲ್ಲ. ಎಂಟು ಜನರನ್ನ ಹೊರುತ್ತೆ ಅದು."

"ನಿನ್ನ ಕೇಬಲ್ಲು ಹಾಡುತ್ತಾ?"

"ಹಾಡಿದ ದಿನ ಒಳಗಿರೋ ಎಂಟೂ ಜನ ಸತ್ತಿರ್ತಾರೆ."

ಗುಬ್ಬಿ ಕಿಸಕ್ಕನೆ ನಕ್ಕಳು. ಸೊಸೆಗೆ ನಗು ಬರಲಿಲ್ಲ. ಗಂಡನ ಕಂಪನಿಯಲ್ಲಿ ಎರಡು ತಿಂಗಳಿಂದ ವಾರಕ್ಕೆ ಮೂರೇ ಪಾಳಿ. ಅವಳು ಲಾಂಡ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಜಿಪ್ಪು, ಅಂಚು, ಹರಿದ ಜೇಬು ಹೊಲಿಯುತ್ತಿದ್ದಳು. ಅಲ್ಲಿಂದ ಬರುವುದರಲ್ಲಿ ಮನೆ ಹೇಗೋ ಸಾಗುತ್ತಿತ್ತು.

"ಅಗ್ಗದ್ದು ಸಿಗುತ್ತಂತಲ್ಲ ಮಾವ," ಅಂದಳು ಮೆಲ್ಲಗೆ.

"ಸಿಗುತ್ತೆ. ಬಟ್ಟೆ ಒಣಗಹಾಕೋಕೆ ಚೆನ್ನಾಗಿರುತ್ತೆ." ಮೇಷ್ಟ್ರು ತಂತಿಯ ತುದಿಯಲ್ಲಿ ಸುತ್ತಿದ್ದ ಕೆಂಪು ದಾರವನ್ನು ಮುಟ್ಟಿ ತೋರಿಸಿದರು. "ಈ ಕೆಂಪು ದಾರದ್ದೇ ಆಗಬೇಕು. ಹಿಂದೆ ಏನು ಕಟ್ಟುತ್ತಿದ್ದರು ಗೊತ್ತಾ ಗುಬ್ಬಿ? ಕುರಿ ಕರುಳು. ದೊಡ್ಡ ಯುದ್ಧ ಬಂತು ನೋಡು, ಕರುಳೆಲ್ಲ ಆಸ್ಪತ್ರೆಗೆ ಹೋಯಿತು, ಗಾಯ ಹೊಲಿಯೋಕೆ. ಆಗ ವಾದಕರು ವಿಧಿಯಿಲ್ಲದೆ ಉಕ್ಕಿನ ತಂತಿ ಹಿಡಿದರು. ಅವತ್ತು ಬೈದುಕೊಂಡೇ ಕಟ್ಟಿದರು. ಇವತ್ತು ಉಕ್ಕಿಲ್ಲದೆ ಒಬ್ಬನೂ ಇಲ್ಲ."

"ಹಾಗಾದರೆ ಅಗ್ಗದ್ದಕ್ಕೂ ನಾಳೆ ಒಗ್ಗಿಕೊಳ್ತಾರೆ ಬಿಡು," ಅಂದ ಮಗ.

 ಊಟವಾದ ಮೇಲೆ ಮೇಷ್ಟ್ರು ಎಂದಿನಂತೆ ನಾಲ್ಕು ಲೋಟಗಳನ್ನೂ ತಾವೇ ತೊಳೆದು ಬೋರಲು ಹಾಕಿದರು. ಆ ಮನೆಯಲ್ಲಿ ಲೋಟ ತೊಳೆಯುವುದು ಅವರ ಕೆಲಸ. ಆಮೇಲೆ ಸೊಸೆಯನ್ನು ಕರೆದು, ಪಾಠದ ಹಣವಿಟ್ಟಿದ್ದ ಲಕೋಟೆಯನ್ನು ಕೈಗೆ ಕೊಟ್ಟರು.

"ನೀನೇ ತಾ ಮಗಳೇ. ಅವನ ಕೈಗೆ ಕೊಟ್ಟರೆ ಕೇಬಲ್ಲು ತಂದಾನು."

*

ವಾದ್ಯದ ಅಂಗಡಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಕನ್ನಡಕದ ಅಂಗಡಿಯ ಪಕ್ಕದಲ್ಲಿತ್ತು. ಅಂಗಡಿಯವಳು ದಪ್ಪ ಹೆಂಗಸು. ಒಂದು ಗಿಟಾರನ್ನು ತೊಡೆಯ ಮೇಲೆ ಮಗುವಿನಂತೆ ಅಡ್ಡ ಮಲಗಿಸಿಕೊಂಡು ಬಿರಡೆಗೆ ಎಣ್ಣೆ ಬಿಡುತ್ತಿದ್ದಳು.

"ಕೆಂಪು ದಾರದ್ದಾ? ಇದೆ." ಕೆಂಪು ಲಕೋಟೆಗಳನ್ನು ಗಾಜಿನ ಮೇಲಿಟ್ಟಳು. ಸೊಸೆ ಕೈಚೀಲದ ಬಾಯಿಯನ್ನು ಬಿಚ್ಚದೆ ನಿಂತದ್ದನ್ನು ನೋಡಿ, ಇನ್ನೊಂದು ಡಬ್ಬಿ ತೆಗೆದಳು. "ಇದೂ ಇದೆ. ಹಸಿರು ದಾರ. ಮೂರರಲ್ಲಿ ಒಂದು ಪಾಲು ಬೆಲೆ."

"ಚೆನ್ನಾಗಿರುತ್ತಾ?"

"ಕೆಟ್ಟದ್ದೇನಲ್ಲ. ಕಲಿಯೋ ಮಕ್ಕಳೆಲ್ಲ ಇದನ್ನೇ ಒಯ್ಯೋದು. ಮೂರು ತಿಂಗಳು ಜೋರಾಗಿ ನುಡಿಯುತ್ತೆ, ಆಮೇಲೆ ಮಂಕಾಗುತ್ತೆ. ಕೆಂಪಿನದ್ದಕ್ಕೆ ಅರ್ಧ ದುಡ್ಡು ಬರೀ ಹೆಸರಿಗೆ ಕಣಮ್ಮ."

"ಕೇಳಿದರೆ ಗೊತ್ತಾಗುತ್ತಾ ಯಾವುದು ಅಂತ?"

ಅಂಗಡಿಯವಳು ಅವಳನ್ನೇ ಒಂದು ಗಳಿಗೆ ನೋಡಿದಳು. "ಯಾರಿಗೆ ಅನ್ನೋದರ ಮೇಲಿದೆ."

ಪರೀಕ್ಷೆಯವರು ಕಳಿಸಿದ ಕಾಗದ ಸೊಸೆಯ ಕೈಚೀಲದಲ್ಲೇ ಇತ್ತು. ಕಪ್ಪು ಉಡುಪು, ಕಪ್ಪು ಬೂಟು ಇಲ್ಲದವರನ್ನು ಒಳಗೆ ಬಿಡುವುದಿಲ್ಲ ಅಂತ ಅದರ ಕೊನೆಯ ಸಾಲು. ಉಡುಪನ್ನು ಅವಳು ಹೊಲಿಯಬಲ್ಲಳು. ಬೂಟು ಹೊಲಿಯಲಾರಳು. ಗುಬ್ಬಿಯ ಈಗಿನ ಬೂಟಿನ ಮುಂಭಾಗ ಬಾಯಿ ಬಿಟ್ಟು ವರ್ಷವಾಗಿತ್ತು. ಮೇಷ್ಟ್ರಿಗೆ ಬೂಟಿನ ಮಾತು ಹೇಳಿದರೆ, 'ಪಿಟೀಲನ್ನ ಕಾಲಲ್ಲಿ ನುಡಿಸ್ತಾರಾ?' ಅನ್ನುವವರು.

ಅವಳು ಹಸಿರು ದಾರದ್ದನ್ನು ಕೊಂಡಳು. ಮೂರು ಅಂಗಡಿ ಆಚೆ ಬೂಟು ಕೊಂಡಳು.

ಮೇಷ್ಟ್ರು ಹಳೆಯ ತಂತಿಯ ಕೆಂಪು ಲಕೋಟೆಗಳನ್ನು ಎಸೆಯುವವರಲ್ಲ; ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಅವುಗಳಲ್ಲಿ ಮಾಸದ ನಾಲ್ಕನ್ನು ಆರಿಸಿ ಅವಳು ಮರುದಿನ ಕೆಲಸಕ್ಕೆ ಒಯ್ದಳು. ಊಟದ ಬಿಡುವಿನಲ್ಲಿ, ಜೊತೆಯವರು ಹೊರಗೆ ಹೋದಾಗ, ಬಾಗಿಲು ಮುಂದಕ್ಕೆ ಮಾಡಿಕೊಂಡು ಕೂತಳು. ಬ್ಲೇಡಿನಿಂದ ಹಸಿರು ದಾರ ಕೊಯ್ದು, ಅಂಟು ಕೆರೆದು ತೆಗೆದಳು. ಕೋಟಿನ ಗುಂಡಿ ಹೊಲಿಯುವ ಕೆಂಪು ದಾರವನ್ನು ಎಳೆಗೆ ಎಳೆ ತಾಗಿಸಿ ಸುತ್ತಿದಳು. ಸಣ್ಣ ತಂತಿಯ ತುದಿ ಬರಿದಾಗಿ ಸೂಜಿಯಂತೆ ನಿಂತಿತ್ತು. ಅದರ ಮೇಲೆ ಎರಡು ಸುತ್ತು ಹೆಚ್ಚಿಗೆ ಸುತ್ತಿದಳು. ಮುಗಿಸಿ ಬೆಳಕಿಗೆ ಹಿಡಿದು ನೋಡಿದಾಗ, ತಪ್ಪು ಮಾಡುತ್ತಿದ್ದೇನೆ ಅನ್ನುವುದಕ್ಕಿಂತ ಕೆಲಸ ಚೆನ್ನಾಗಿ ಬಂತು ಅನ್ನುವುದೇ ಅವಳ ಮನಸ್ಸಿಗೆ ಬಂತು.

ಆ ಸಂಜೆ ಲಕೋಟೆಗಳನ್ನು ಮಾವನ ಕೈಗೆ ಕೊಟ್ಟಳು. ಬೂಟು ಎಲ್ಲಿಂದ ಅಂತ ಗಂಡ ಕೇಳಿದ್ದಕ್ಕೆ, ಲಾಂಡ್ರಿಯಲ್ಲಿ ಯಾರೋ ಬಿಟ್ಟುಹೋದದ್ದು ಅಂದಳು. ಒಂದು ಸುಳ್ಳಿಗೆ ಇನ್ನೊಂದು ಎಷ್ಟು ಸಲೀಸಾಗಿ ಜೊತೆಯಾಯಿತು ಅಂತ ಅವಳಿಗೇ ಆಶ್ಚರ್ಯವಾಯಿತು.

ಮರುದಿನ ಅವಳು ಮನೆಗೆ ಬರುವಷ್ಟರಲ್ಲಿ ತಂತಿ ಕಟ್ಟಿ ಆಗಿತ್ತು. ಗುಬ್ಬಿ ಮುಂದಿನ ಕೋಣೆಯಲ್ಲಿ ನುಡಿಸುತ್ತಿದ್ದಳು. ಸೊಸೆ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು. ಸ್ವರ ಜೋರಾಗಿತ್ತು, ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು.

"ಹೇಗಿದೆ ಮಾವ?"

ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಎಡಗೈ ಸ್ವೆಟರಿನ ಜೇಬಿನಲ್ಲಿತ್ತು.

"ಚೆನ್ನಾಗಿದೆ ಮಗಳೇ," ಅಂದರು. "ತುಂಬ ಚೆನ್ನಾಗಿದೆ."

ಮೆಚ್ಚುವ ಮಾತನ್ನು ಅವರು ಎರಡು ಸಲ ಹೇಳಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಗುಬ್ಬಿ ತಲೆಯೆತ್ತಿ ಅಮ್ಮನನ್ನು ನೋಡಿದವಳು ತಟ್ಟನೆ ಕಣ್ಣನ್ನು ಪುಸ್ತಕಕ್ಕೆ ಇಳಿಸಿದಳು.

*

ಮನೆ ಬದಲಾಗುತ್ತಿದೆ ಅಂತ ಮೊದಲು ಗೊತ್ತಾದದ್ದು ಲೋಟಗಳಿಂದ. ಎರಡನೇ ವಾರ ಅವು ತೊಳೆಯದೆ ಹಾಗೇ ಉಳಿಯತೊಡಗಿದವು. ಮೊದಲ ದಿನ ಮರೆತಿರಬೇಕು ಅಂತ ಸೊಸೆ ತಾನೇ ತೊಳೆದಳು. ನಾಲ್ಕನೇ ದಿನ ಗಂಡ ಬಾಯಿಬಿಟ್ಟ.

"ಅಪ್ಪ, ಮೇಷ್ಟ್ರುಗಳಿಗೆ ಲೋಟ ತೊಳೆದರೆ ಗೌರವ ಕಡಿಮೆ ಆಗುತ್ತಾ ಈಗ?"

"ನೀರು ತಣ್ಣಗಿರುತ್ತೆ. ಕೀಲು ಹಿಡಿಯುತ್ತೆ."

"ಬಿಸಿನೀರು ಕಾಯಿಸಿ ಕೊಡ್ತಾಳೆ."

"ನೀನು ತೊಳಿ. ಮೂರು ಪಾಳಿ ಬಿಟ್ಟರೆ ನಿನಗೇನು ಕೆಲಸ?"

ಮಗ ಎದ್ದು ಹೋದ. ಪಾಳಿಯ ಮಾತು ಅವನಿಗೆ ಚುಚ್ಚುತ್ತದೆ ಅಂತ ಮೇಷ್ಟ್ರಿಗೆ ಗೊತ್ತಿತ್ತು. ಅವನು ಎದ್ದು ಹೋಗಲಿ ಅಂತಲೇ ಆಡಿದ ಹಾಗಿತ್ತು.

ಆಮೇಲೆ ಸ್ವೆಟರು. ಸೆಖೆ ಏರುತ್ತಿದ್ದರೂ ಅದನ್ನು ಮೈಮೇಲಿಂದ ತೆಗೆಯಲೊಲ್ಲರು. ಕೊಡಿ, ಒಗೆಯುತ್ತೇನೆ ಅಂದರೆ, ನಾಳೆ ಅನ್ನುವರು. ಎಡಗೈ ಜೇಬು ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಸಕ್ಕರೆಯ ಮಾತ್ರೆಯ ಡಬ್ಬಿ ತಿರುಗಿಸಲು ಗುಬ್ಬಿಯನ್ನು ಕರೆಯುತ್ತಿದ್ದರು. ರೊಟ್ಟಿಗೆ ಬೆಣ್ಣೆ ಸವರುವಾಗ ತಟ್ಟೆ ಜಾರದಂತೆ ಗುಬ್ಬಿ ಪಕ್ಕದಲ್ಲಿ ಕೂತು ಒಂದು ಬೆರಳಿಂದ ತಟ್ಟೆ ಒತ್ತಿ ಹಿಡಿಯುತ್ತಿದ್ದಳು. ಇಬ್ಬರೂ ಆ ಬಗ್ಗೆ ಮಾತಾಡುತ್ತಿರಲಿಲ್ಲ. ಸೊಸೆ ಇದೆಲ್ಲವನ್ನೂ ನೋಡಿದಳು, ನೋಡಿ, ಕೇಳಲಿಲ್ಲ. ಕೇಳಲು ಕೂತರೆ ಮಾತು ತಂತಿಯ ಕಡೆಗೇ ಹೋಗುತ್ತದೆ ಅನ್ನುವ ಅಳುಕು ಅವಳ ಬಾಯಿ ಕಟ್ಟಿತ್ತು.

ಮೂರನೇ ವಾರ ಒಬ್ಬ ಶಿಷ್ಯನ ತಾಯಿ ಲಾಂಡ್ರಿಗೆ ಬಂದಳು. ಪರದೆಗಳನ್ನು ಮೇಜಿನ ಮೇಲೆ ಹಾಕಿ ಹೇಳಿದಳು: "ಬೇಜಾರು ಮಾಡ್ಕೋಬೇಡಿ. ನಿಮ್ಮ ಮಾವ ಈಗೀಗ ಪಿಟೀಲು ಮುಟ್ಟೋದೇ ಇಲ್ವಂತೆ. ಬರೀ ಕಥೆ. ಕಿವುಡಾಗಿದ್ದ ಸಂಗೀತಗಾರ ತನ್ನ ಕೃತಿ ಮುಗಿದದ್ದೂ ತಿಳಿಯದೆ ಜನರಿಗೆ ಬೆನ್ನು ಹಾಕಿ ನಿಂತಿದ್ದನಂತೆ, ಹಾಡುವವಳೊಬ್ಬಳು ಹಿಡಿದು ತಿರುಗಿಸಿದ ಮೇಲೇ ಚಪ್ಪಾಳೆ ಕಂಡನಂತೆ. ನನ್ನ ಮಗ ಬಂದು ಅಳ್ತಾನೆ. ನಾನು ಅಳೋಕಾ ಫೀಸು ಕಟ್ಟೋದು?"

ಆ ರಾತ್ರಿಯ ಊಟಕ್ಕೆ ಮೊಟ್ಟೆ, ಅನ್ನ. ಸೊಸೆ ಆ ದೂರನ್ನು ಮೃದು ಮಾಡಿ ಹೇಳಿದಳು. ಗಂಡ ಮೃದು ಮಾಡಲಿಲ್ಲ.

"ಮಕ್ಕಳನ್ನ ಕಳ್ಕೊಳ್ತೀಯ ಅಪ್ಪ. ಕಥೆ ಹೇಳೋಕೆ ಯಾರು ದುಡ್ಡು ಕೊಡ್ತಾರೆ?"

"ಕಥೆಯಲ್ಲ ಅದು. ನಡೆದದ್ದು." ಮೇಷ್ಟ್ರು ಅನ್ನ ಕಲಸುತ್ತ ನಿಧಾನವಾಗಿ ಮುಂದುವರಿಸಿದರು. "ಇನ್ನೊಂದು ಇದೆ. ಒಬ್ಬ ರಾಜನ ಆಸ್ಥಾನದಲ್ಲಿ ವಾದ್ಯವೃಂದ ನಡೆಸೋನು. ಆಗ ಈಗಿನ ಹಾಗೆ ಸಣ್ಣ ಕಡ್ಡಿ ಇರಲಿಲ್ಲ. ದೊಡ್ಡ ಕೋಲು ನೆಲಕ್ಕೆ ಕುಟ್ಟಿ ತಾಳ ಹಾಕೋದು. ಒಂದಿನ ರಾಜ ಕಾಯಿಲೆಯಿಂದ ಎದ್ದ ಅಂತ ಸಂಭ್ರಮ. ಹುರುಪಿನಲ್ಲಿ ಕೋಲನ್ನ ತನ್ನ ಕಾಲಬೆರಳ ಮೇಲೇ ಕುಟ್ಟಿಕೊಂಡ. ಇಷ್ಟೇ ಇಷ್ಟು ಗಾಯ."

"ಆಮೇಲೆ?" ಅಂದಳು ಸೊಸೆ.

"ಬೆರಳು ಕಪ್ಪಾಯಿತು. ವೈದ್ಯರು ಕತ್ತರಿಸೋಣ ಅಂದರು. ಅವನು ನರ್ತಕನೂ ಹೌದು. ಕಾಲು ಮುಟ್ಟಬೇಡಿ ಅಂದ."

"ಆಮೇಲೆ?"

"ಎರಡು ಮೂರು ತಿಂಗಳು. ಅಷ್ಟೇ." ಮೇಷ್ಟ್ರು ಒಂದು ತುತ್ತು ನುಂಗಿದರು. "ಜನ ಅವನನ್ನ ಮೂರ್ಖ ಅಂತಾರೆ. ನಾನೂ ಅಂತಿದ್ದೆ."

ಗುಬ್ಬಿ ಕುರ್ಚಿಯನ್ನು ಕರ್ರನೆ ಹಿಂದಕ್ಕೆ ತಳ್ಳಿ ಎದ್ದಳು. ಅರ್ಧ ಊಟ ಬಿಟ್ಟು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೊಸೆ ಹಿಂದೆಯೇ ಹೋಗಿ ಬಾಗಿಲು ತಟ್ಟಿದಳು.

"ಏನಾಯ್ತೇ?"

"ಏನಿಲ್ಲ."

"ತಾತ ಏನಾದರೂ ಅಂದರಾ?"

"ನಾನು ಹೇಳಲ್ಲ ಅಂತ ಮಾತು ಕೊಟ್ಟಿದೀನಿ," ಅಂತ ಒಳಗಿನಿಂದ ದನಿ ಬಂತು. ಆಮೇಲೆ ನಲ್ಲಿ ಜೋರಾಗಿ ಬಿಟ್ಟ ಸದ್ದು.

*

ಪರೀಕ್ಷೆ ಶುಕ್ರವಾರ. ಆ ವಾರದ ಮಂಗಳವಾರ ಬೆಳಿಗ್ಗೆ ಮೇಷ್ಟ್ರು ಸ್ನಾನಕ್ಕೆ ಹೋದಾಗ ಸ್ವೆಟರು ಮಂಚದ ಮೇಲಿತ್ತು. ಸೊಸೆ ಅದನ್ನು ಎತ್ತಿಕೊಂಡಳು. ಲಾಂಡ್ರಿಯಲ್ಲಿ ಕೆಲಸ ಮಾಡುವವರ ಕೈ ಬಟ್ಟೆ ಸಿಕ್ಕೊಡನೆ ಜೇಬಿಗೆ ಹೋಗುತ್ತದೆ. ಎಡಜೇಬನ್ನು ಒಳಗು ಹೊರಗು ಮಾಡಿದಳು. ಅಸ್ತರು ಗಟ್ಟಿಯಾಗಿ, ಹಳದಿ ಕಂದು ಬಣ್ಣಕ್ಕೆ ತಿರುಗಿ ಹಕ್ಕಳೆಗಟ್ಟಿತ್ತು. ಬಂದ ವಾಸನೆಗೆ ಅವಳು ಮುಖ ತಿರುಗಿಸಿದಳು. ಲಾಂಡ್ರಿಯ ಹದಿನಾಲ್ಕು ವರ್ಷದಲ್ಲಿ ಊರಿನ ಎಲ್ಲ ಕೊಳೆಯನ್ನೂ ಕಂಡಿದ್ದಳು. ಇದು ಕೊಳೆಯಾಗಿರಲಿಲ್ಲ.

ಮೇಷ್ಟ್ರು ಟವಲು ಹೊದ್ದು ಬಂದಾಗ ಅವಳು ಜೇಬನ್ನು ಹಾಗೇ ಹಿಡಿದು ನಿಂತಿದ್ದಳು.

"ಕೈ ತೋರಿಸಿ ಮಾವ."

"ಕೆಲಸಕ್ಕೆ ತಡವಾಗುತ್ತೆ ನಿನಗೆ."

"ಆಗಲಿ."

ಅವರು ಮಂಚದ ತುದಿಯಲ್ಲಿ ಕೂತು ಟವಲಿನೊಳಗಿಂದ ಕೈ ತೆಗೆದರು. ತೋರುಬೆರಳಿಗೆ ಚಿಂದಿ ಸುತ್ತಿತ್ತು. ಬಿಚ್ಚಿದರು. ಬೆರಳು ಎರಡರಷ್ಟು ಊದಿತ್ತು. ಉಗುರಿನ ಸುತ್ತ ನೇರಳೆ, ತುದಿ ಪೂರ್ತಿ ಕಪ್ಪು. ಮೇಲಿನ ಗೆಣ್ಣು ದಾಟಿದ ಕೆಂಪು, ಅಂಗೈ ಕಡೆಗೆ ಇಳಿಯುತ್ತಿತ್ತು.

"ನೋಯಲ್ಲ," ಅಂದರು ಮೇಷ್ಟ್ರು. "ಅದೇ ವಿಚಿತ್ರ. ಮೊದಲ ವಾರ ನೋಯುತ್ತಿತ್ತು."

"ಯಾವಾಗ ಆಯ್ತು ಇದು? ಹೇಗಾಯ್ತು?"

 ಹೊರಗಿನ ಬೆಂಚಿನ ಮೇಲೆ ಶಾಲೆಯ ಚೀಲ ಹಿಡಿದು ಕೂತಿದ್ದ ಗುಬ್ಬಿ ಬಾಗಿಲಿಗೆ ಬಂದಳು. ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ತಂತಿ ಕಟ್ಟೋವಾಗಮ್ಮ. ಸಣ್ಣ ತಂತಿನ ಬಿರಡೆಯ ತೂತಿಗೆ ತೂರಿಸಿ, ಅದು ಹೊರಬರೋ ಕಡೆ ಬೆರಳಿಟ್ಟು ಹಿಡಿದ ತಾತ. ತುದಿ ದಾರದಿಂದ ಆಚೆ ಬಂದು ಉಗುರಿನ ಕೆಳಗೆ ಹೋಯ್ತು. ಪೂರ್ತಿ ಹೋಯ್ತು. ಅಮ್ಮಂಗೆ ಹೇಳಬೇಡ ಅಂದ."

ಸೊಸೆ ಗೋಡೆಗೆ ಒರಗಿದಳು. ಬ್ಲೇಡು, ಕೆರೆದ ಅಂಟು, ಬರಿದಾದ ತುದಿ, ಅದರ ಮೇಲೆ ತಾನೇ ಸುತ್ತಿದ ಎರಡು ಸುತ್ತು.

"ಗುಬ್ಬಿ, ನೀನು ಶಾಲೆಗೆ ಹೊರಡು," ಅಂದರು ಮೇಷ್ಟ್ರು. ಹುಡುಗಿ ಹೋದ ಮೇಲೆ ದನಿ ತಗ್ಗಿಸಿದರು. "ಹಾಗೆ ನೋಡಬೇಡ. ಲಕೋಟೆ ತೆಗೆದ ಕೂಡಲೇ ಗೊತ್ತಾಯಿತು ನನಗೆ."

"ಗೊತ್ತಾಯ್ತಾ?"

"ಐವತ್ತೈದು ವರ್ಷದಿಂದ ತಂತಿ ಕಟ್ಟುತ್ತಿದ್ದೇನೆ. ಅಷ್ಟು ನೀಟಾಗಿ ಯಾವ ಕಂಪನಿಯವನೂ ದಾರ ಸುತ್ತಲ್ಲ."

"ಗೊತ್ತಾಗಿಯೂ ಯಾಕೆ ಕಟ್ಟಿದಿರಿ? ಯಾಕೆ ಮುಚ್ಚಿಟ್ಟಿರಿ?"

"ಬೂಟು ನೋಡಿದೆನಲ್ಲ. ಲೆಕ್ಕ ತಾಳೆಯಾಯಿತು." ಅವರು ಚಿಂದಿಯನ್ನು ಮತ್ತೆ ಸುತ್ತತೊಡಗಿದರು. "ಗಾಯ ತೋರಿಸಿದರೆ ಹೇಗಾಯಿತು ಅಂತ ಅವನು ಕೇಳ್ತಾನೆ. ಅವನ ಬಾಯಿ ನನಗೆ ಗೊತ್ತಿಲ್ಲವಾ? ನನ್ನ ಬಾಯೇ ಅದು. ಮಾಯುತ್ತೆ ಬಿಡು, ಪರೀಕ್ಷೆ ಮುಗಿಯಲಿ ಅಂದುಕೊಂಡೆ. ಮಾಯಲಿಲ್ಲ."

*

ಆಸ್ಪತ್ರೆಯ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಬೆರಳನ್ನು ನೋಡಿ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ರಕ್ತ, ಎಕ್ಸ್‌ರೇ ಎಲ್ಲ ಆದ ಮೇಲೆ ಮೂವರನ್ನೂ ಕೂರಿಸಿಕೊಂಡಳು. ಗಂಡ ಕೆಲಸದ ಜಾಗದಿಂದ ನೇರವಾಗಿ ಬಂದಿದ್ದ. ಕೈಗೆ ಇನ್ನೂ ಗ್ರೀಸು ಮೆತ್ತಿತ್ತು.

"ಮೂಳೆಗೆ ಇಳಿದಿದೆ. ಬೆರಳು ತೆಗೀಬೇಕು. ಇವತ್ತೇ ಆದರೆ ಬೆರಳೊಂದೇ."

"ಶನಿವಾರ ಬರುತ್ತೇನೆ," ಅಂದರು ಮೇಷ್ಟ್ರು.

"ಶನಿವಾರ ಬಂದರೆ ನಾನು ಬೆರಳಿನ ಮಾತಾಡಲ್ಲ. ಅಂಗೈಯ ಮಾತಾಡ್ತೀನಿ."

"ಎಡಗೈ ತೋರುಬೆರಳು ಅಂದರೆ ಪಿಟೀಲಿಗೆ ಏನು ಗೊತ್ತಾ ನಿಮಗೆ?"

"ಗೊತ್ತಿಲ್ಲ. ಸಕ್ಕರೆ ಕಾಯಿಲೆಗೆ ಏನು ಅಂತ ಗೊತ್ತು." ಅವಳು ಸಹಿ ಹಾಕುವ ಕಾಗದವನ್ನು ಮೇಜಿನ ಮೇಲಿಟ್ಟು, ಯೋಚನೆ ಮಾಡಿ ಅಂತ ಹೊರಗೆ ಹೋದಳು.

ಮೇಷ್ಟ್ರು ಕಾಗದವನ್ನು ಮುಟ್ಟಲಿಲ್ಲ. ಶುಕ್ರವಾರ ಗುಬ್ಬಿಯ ಜೊತೆ ತಾವಿರಬೇಕು, ಬಾಗಿಲಲ್ಲಿ ಶ್ರುತಿ ಮಾಡಿಕೊಡಬೇಕು ಅಂದರು. ಮಗ ಮೊದಲು ಬೇಡಿಕೊಂಡ, ಆಮೇಲೆ ಕೂಗಾಡಿದ. ತಂತಿಯ ತುದಿ ಚುಚ್ಚಿದ್ದು ಅಂತ ಡಾಕ್ಟರ ಮುಂದೆ ಕೇಳಿಸಿಕೊಂಡಿದ್ದ; ಕೊನೆಗೆ ಸಿಟ್ಟು ಆ ಕಡೆ ತಿರುಗಿತು.

"ಆ ಕೆಂಪು ದಾರದ ಕಂಪನಿಯವರನ್ನ ಬಿಡಲ್ಲ ನಾನು. ಅಷ್ಟು ದುಡ್ಡು ತಗೊಂಡು ತುದಿ ಹಾಗೆ ಬಿಡೋದಾ? ಅಂಗಡಿ ಯಾವುದು? ಬಿಲ್ಲು ಎಲ್ಲಿ?" ಅಂತ ಹೆಂಡತಿಯ ಕಡೆ ತಿರುಗಿದ. "ನೀನೇ ತಾನೆ ತಂದಿದ್ದು. ಬಿಲ್ಲು ಕೊಡು."

"ಸುಮ್ಮನಿರೋ," ಅಂದರು ಮೇಷ್ಟ್ರು.

"ನೀನು ಸುಮ್ಮನಿರಪ್ಪ. ಬಿಲ್ಲು ಎಲ್ಲಿ?"

ಸೊಸೆ ಕೈಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದಳು. "ಅದು ಕೆಂಪು ದಾರದ್ದಲ್ಲ," ಅಂದಳು. "ಅಗ್ಗದ್ದು. ತುದಿ ಬಿಚ್ಚಿ ಕೆಂಪು ದಾರ ಸುತ್ತಿದ್ದು ನಾನು. ಉಳಿದ ದುಡ್ಡಲ್ಲಿ ಬೂಟು ತಗೊಂಡೆ."

ಗಂಡ ಅವಳನ್ನು ನೋಡಿದ.   ಆಮೇಲೆ ಬಾಯಿ ತೆರೆದ.

"ಮಾತಾಡಬೇಡ," ಅಂದರು ಮೇಷ್ಟ್ರು. ಪೆನ್ನನ್ನು ಬಲಗೈಯಲ್ಲಿ ಎತ್ತಿಕೊಂಡಿದ್ದರು. "ಸಹಿ ಹಾಕುತ್ತೇನೆ. ಒಂದು ಷರತ್ತು. ಈ ವಿಷಯದಲ್ಲಿ ಅವಳಿಗೆ ಒಂದು ಮಾತೂ ಬೈಯಕೂಡದು ನೀನು. ಇವತ್ತೂ ಇಲ್ಲ, ನಾನು ಸತ್ತ ಮೇಲೂ ಇಲ್ಲ. ಮಾತು ಕೊಡು."

"ಅಪ್ಪ..."

"ಮಾತು ಕೊಡು, ಇಲ್ಲ ಈ ಕೈ ಹೀಗೇ ಮನೆಗೆ ಬರುತ್ತೆ."

ಮಗ ಗ್ರೀಸಿನ ಕೈಯಿಂದ ಮುಖ ಒರೆಸಿಕೊಂಡ. ಕೆನ್ನೆಯ ಮೇಲೆ ಕಪ್ಪು ಗೆರೆ ಎದ್ದಿತು. "ಕೊಟ್ಟೆ," ಅಂದ.

*

ಬೆರಳು ಹೋಯಿತು. ಗುಬ್ಬಿ ಶುಕ್ರವಾರ ಅಮ್ಮನ ಜೊತೆ ಪರೀಕ್ಷೆಗೆ ಹೋದಳು. ತಾನೇ ಶ್ರುತಿ ಮಾಡಿಕೊಂಡಳು. ಬಾಗಿಲ ಹೊರಗೆ ಕೂತ ಸೊಸೆ ಪ್ರತಿ ಸ್ವರಕ್ಕೂ ಕಿವಿಗೊಟ್ಟಳು. ತಂತಿಗಳು ಒಂದಿಷ್ಟೂ ಕೈಕೊಡಲಿಲ್ಲ. ಅಂಗಡಿಯವಳು ಹೇಳಿದ್ದು ನಿಜವೇ ಆಗಿತ್ತು, ಅವು ಕೆಟ್ಟ ತಂತಿಗಳೇನೂ ಅಲ್ಲ. ಹಸಿರು ದಾರದಲ್ಲೇ ಬಿಟ್ಟಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಮುಂದಿನ ಬುಧವಾರ ಕಾಗದ ಬಂತು: ಎರಡನೇ ಪಿಟೀಲಿನ ಕೊನೆಯ ಸಾಲಿನಲ್ಲಿ ಜಾಗ ಸಿಕ್ಕಿದೆ.

ಗುಬ್ಬಿ ಕಾಗದ ಓದಿ ಹೇಳಿ, ತಾತನ ಮಂಚದ ಬಳಿ ಕೂತಳು. ಶಾಲೆಯ ಗ್ರಂಥಾಲಯದಲ್ಲಿ ಏನೋ ಹುಡುಕಿ ಬರೆದುಕೊಂಡು ಬಂದಿದ್ದಳು.

"ತಾತ, ಒಬ್ಬ ಗಿಟಾರ್ ನುಡಿಸೋನಿದ್ದನಂತೆ. ಬೆಂಕಿಯಲ್ಲಿ ಎಡಗೈ ಸುಟ್ಟು ಎರಡು ಬೆರಳು ಮುದುಡಿಹೋದವಂತೆ. ಉಳಿದ ಎರಡರಲ್ಲೇ ಮತ್ತೆ ಕಲಿತು ಜಗತ್ತಿಗೇ ಹೆಸರಾದನಂತೆ."

"ಗೊತ್ತು," ಅಂದರು ಮೇಷ್ಟ್ರು. "ಅವನಿಗಾಗ ಹದಿನೆಂಟು ವರ್ಷ ಪುಟ್ಟಿ." ಹುಡುಗಿಯ ಮುಖ ಇಳಿದದ್ದನ್ನು ನೋಡಿ, "ಆದರೂ ಹೇಳು. ನೀನು ಹೇಳೋದು ಚೆನ್ನಾಗಿದೆ," ಅಂದರು.

ಏಳು ಶಿಷ್ಯರಲ್ಲಿ ನಾಲ್ವರು ಉಳಿದರು.

ಗಂಡ ಕೊಟ್ಟ ಮಾತು ತಪ್ಪಲಿಲ್ಲ. ಒಂದು ದಿನವೂ ತಂತಿಯ ಸುದ್ದಿ ಎತ್ತಲಿಲ್ಲ. ಜೊತೆಗೆ ಬೇರೆ ಸುದ್ದಿಯೂ ನಿಂತುಹೋಯಿತು. ಉಪ್ಪು ಕೊಡು, ಬಾಗಿಲು ಹಾಕು, ಪಾಳಿ ಇದೆ, ಪಾಳಿ ಇಲ್ಲ. ಲೋಟಗಳನ್ನು ಈಗ ಅವನು ತೊಳೆಯುತ್ತಿದ್ದ. ಅವಳು ಕೈ ಹಾಕಲು ಹೋದರೆ ಸರಿದು ನಿಲ್ಲುತ್ತಿದ್ದ. ಮೊದಲು ದಿನಕ್ಕೆ ಮೂರು ಸಲ ಅವಳ ಅಡುಗೆಯನ್ನು ಅಣಕಿಸುತ್ತಿದ್ದವನು, ಉಪ್ಪಿಲ್ಲದ ಆಲೂಗಡ್ಡೆಯನ್ನೂ ತಲೆ ತಗ್ಗಿಸಿ ತಿಂದು ಏಳುತ್ತಿದ್ದ. ಮೂರು ವಾರ ಹೀಗೆ ಕಳೆಯಿತು. ಒಂದು ಸಂಜೆ, ಗುಬ್ಬಿ ಅಭ್ಯಾಸಕ್ಕೆ ಹೋಗಿದ್ದಾಗ, ಸೊಸೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಬೈದುಬಿಡಿ," ಅಂದಳು. "ಒಂದು ಸಲ ಜೋರಾಗಿ ಬೈದುಬಿಡಿ. ಹೀಗೆ ಆಗಲ್ಲ ನನ್ನ ಕೈಲಿ."

ಅವನು ಕೈಯಲ್ಲಿದ್ದ ಲೋಟವನ್ನು ಬಟ್ಟೆಯಿಂದ ಒರೆಸಿದ. ಒಣಗಿದ ಮೇಲೂ ಒರೆಸಿದ.

"ಮಾತು ಕೊಟ್ಟಿದೀನಿ," ಅಂದ.

"ಮಾವನಿಗೆ ನಾನು ಹೇಳ್ತೀನಿ, ಮಾತು ವಾಪಸ್ ಕೊಡ್ತಾರೆ."

"ಬೇಡ. ಬೈಯೋಕೆ ಶುರು ಮಾಡಿದರೆ ಎಲ್ಲಿ ನಿಲ್ಲಿಸ್ತೀನೋ ನನಗೇ ಗೊತ್ತಿಲ್ಲ."

ಅಷ್ಟರಲ್ಲಿ ಮುಂದಿನ ಕೋಣೆಯಿಂದ ಮೇಷ್ಟ್ರು ಕರೆದರು. ಗಾಯದ ಬಟ್ಟೆ ಬದಲಿಸುವ ಹೊತ್ತಾಗಿತ್ತು. ಅದು ಸೊಸೆಯ ಕೆಲಸ. ಅವಳು ಬಿಸಿನೀರು, ಹತ್ತಿ, ಕತ್ತರಿ ತೆಗೆದುಕೊಂಡು ಹೋದಳು. ಆ ದಿನ ಯಾಕೋ ಗಂಡನೂ ಹಿಂದೆ ಬಂದು ಬೇಸಿನ್ ಹಿಡಿದು ನಿಂತ. ಮೇಷ್ಟ್ರು ಎಡಗೈಯನ್ನು ದಿಂಬಿನ ಮೇಲಿಟ್ಟು, ಅಭ್ಯಾಸದಂತೆ ಮುಖವನ್ನು ಕಿಟಕಿಗೆ ತಿರುಗಿಸಿದರು. ತಾವಾಗಿ ಒಂದು ಸಲವೂ ಆ ಕೈಯನ್ನು ನೋಡಿದವರಲ್ಲ.

ಸೊಸೆ ಸುತ್ತು ಬಿಚ್ಚಿದಳು. ಬೆರಳಿದ್ದ ಜಾಗ ಒಣಗುತ್ತಿತ್ತು, ಹೊಲಿಗೆ ಚೊಕ್ಕವಾಗಿತ್ತು. ಕೊನೆಯ ಸುತ್ತು ಬಿಚ್ಚುವಾಗ ಅವಳ ಕೈ ನಿಂತಿತು. ಪಕ್ಕದ ನಡುಬೆರಳ ತುದಿಯಲ್ಲಿ, ಉಗುರಿನ ಅಂಚಿಗೆ, ಹೆಸರುಕಾಳಿನಷ್ಟು ಜಾಗ ನೇರಳೆಯಾಗಿತ್ತು. ನಿನ್ನೆ ಇರಲಿಲ್ಲ. ಹತ್ತಿಯಿಂದ ಒರೆಸಿದಳು. ಹೋಗಲಿಲ್ಲ. ಮೆಲ್ಲಗೆ ಅದುಮಿದಳು.

"ನೋಯುತ್ತಾ ಮಾವ?"

"ಏನು?"

"ಇಲ್ಲಿ."

"ಎಲ್ಲಿ? ಮುಟ್ಟಿದೆಯಾ ನೀನು?"

ಅವಳು ತಲೆಯೆತ್ತಿದಳು. ಬೇಸಿನ್ನಿನ ಮೇಲಿಂದ ಗಂಡ ಅವಳನ್ನೇ ನೋಡುತ್ತಿದ್ದ. ಮೂರು ವಾರಗಳಲ್ಲಿ ಮೊದಲ ಸಲ ಅವರ ಕಣ್ಣುಗಳು ಕೂಡಿದವು. ಅವನ ನೋಟ ಆ ನೇರಳೆ ಕಲೆಗೆ ಇಳಿಯಿತು. 

"ಹೇಗಿದೆ?" ಅಂತ ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಲೇ ಕೇಳಿದರು.

"ಒಣಗ್ತಾ ಇದೆ ಅಪ್ಪ," ಅಂದ ಮಗ. ಬೇಸಿನ್ನನ್ನು ನೆಲಕ್ಕಿಟ್ಟು, ಹೆಂಡತಿಯ ಪಕ್ಕ ಮಂಡಿಯೂರಿ ಕೂತ. ಅವಳ ಕೈಯಿಂದ ಹತ್ತಿಯನ್ನು ತೆಗೆದುಕೊಂಡ.

"ನಾಳೆ ರಜೆ ಹೇಳು ಲಾಂಡ್ರಿಗೆ," ಅಂದ ಅವಳಿಗೆ ಮಾತ್ರ ಕೇಳುವಂತೆ. "ನಾನೂ ಹೇಳ್ತೀನಿ. ಬೆಳಿಗ್ಗೆ ಮೊದಲನೇ ಬಸ್ಸಿಗೆ ಆಸ್ಪತ್ರೆಗೆ ಕರ್ಕೊಂಡು ಹೋಗೋಣ."